ಡಾಕ್ಟರು ಬಾಯಿ ತೆರೆದರೆ ಹೋಗುವ ವೈಫೈ

"ಹಲೋ… ಹಲೋ? ಯಾರು ಮಾತಾಡ್ತಿರೋದು? ಮನುಷ್ಯರಾ, ಇಲ್ಲಾ ಮತ್ತೆ ಅದೇ ಯಂತ್ರನಾ?…"

ಇಂಟರ್ನೆಟ್ ಕಂಪನಿಯ ಸಹಾಯವಾಣಿಯಲ್ಲಿ ಮೂವತ್ತೈದು ನಿಮಿಷ ಒಂದೇ ಪಿಟೀಲಿನ ತುಣುಕನ್ನು ಕೇಳಿ ಕೇಳಿ ದುಭಾಷಿಣಿಯ ಕಿವಿ ಕಾದುಹೋಗಿತ್ತು. ಒಂದು ಒತ್ತಿ, ಮೂರು ಒತ್ತಿ, ಮತ್ತೆ ಒಂದು ಒತ್ತಿ ಎಂದು ಆ ಯಂತ್ರದ ಹೆಂಗಸು ಕುಣಿಸಿದ ಹಾಗೆಲ್ಲ ಕುಣಿದಿದ್ದಳು. ಈಗ ಆ ತುದಿಯಲ್ಲಿ ಯಾರೋ ಜೋರಾಗಿ ಸೀನಿದರು. ಯಂತ್ರಗಳು ಸೀನುವುದಿಲ್ಲ, ಅಷ್ಟರಮಟ್ಟಿಗೆ ಧೈರ್ಯ ಬಂತು.

"ಅಬ್ಬ, ಸದ್ಯ!… ಹಾಂ, ಹೌದು, ವೈಫೈ ವಿಷಯ… ಇಲ್ಲ ಸಾರ್, ಪೂರ್ತಿ ಸತ್ತಿಲ್ಲ. ಪೂರ್ತಿ ಸತ್ತಿದ್ರೆ ಒಂದು ಸಲ ಅತ್ತು ಬೇರೆ ದಾರಿ ನೋಡ್ತಿದ್ದೆ. ಇದು ಬರುತ್ತೆ, ಹೋಗುತ್ತೆ, ಬರುತ್ತೆ, ಹೋಗುತ್ತೆ… ಲ್ಯಾಪ್‌ಟಾಪಿನಲ್ಲಿ… ಗ್ರಾಹಕರ ಸಂಖ್ಯೆ ಆಮೇಲೆ ಹೇಳ್ತೀನಿ, ಮೊದಲು ನನ್ನ ಮಾತು ಕೇಳಿ. ಈಗ ಹತ್ತಕ್ಕೆ ಐದು ನಿಮಿಷ. ಹತ್ತೂವರೆಗೆ ನಾನು ಆಪರೇಷನ್ ಥಿಯೇಟರಿನಲ್ಲಿ ಇರಬೇಕು… ಅಲ್ಲ, ಡಾಕ್ಟರಲ್ಲ. ರೋಗಿನೂ ಅಲ್ಲ. ನಾನು ಇಲ್ಲೇ ನನ್ನ ರೂಮಲ್ಲೇ ಇರ್ತೀನಿ, ಆದ್ರೆ ಅಲ್ಲಿ ಇರಬೇಕು… ಅದನ್ನೇ ಹೇಳ್ತಿದ್ದೀನಿ, ಅಲ್ವಾ?…"

ಹೇಳಿದ್ದು ತನಗೇ ತಲೆಬುಡವಿಲ್ಲದ ಹಾಗೆ ಕೇಳಿಸಿತು. ಕಿವಿ ಕೇಳಿಸದವರಿಗೆ ಡಾಕ್ಟರು, ವಕೀಲರು, ಬ್ಯಾಂಕಿನವರು ಆಡಿದ್ದನ್ನು ಸನ್ನೆ ಭಾಷೆಯಲ್ಲಿ ಹೇಳುವುದು, ಅವರು ಕೈಯಲ್ಲಿ ಹೇಳಿದ್ದನ್ನು ಇವರಿಗೆ ಬಾಯಲ್ಲಿ ಹೇಳುವುದು ಅವಳ ಕಸುಬು. ಅದಕ್ಕೆಂದೇ ಈ ಹಿಂದಿನ ಕೋಣೆ. ಬೆನ್ನ ಹಿಂದಿನ ಗೋಡೆಗೆ ಕಡುನೀಲಿ ಬಟ್ಟೆ, ಮುಖದ ಮೇಲೆ ಎರಡು ದೀಪ, ಎದುರಿಗೆ ಮೇಜಿನ ಮೇಲೆ ಆರು ದಪ್ಪ ಪುಸ್ತಕಗಳ ಮೇಲೆ ಏರಿ ಕುಳಿತ ಲ್ಯಾಪ್‌ಟಾಪ್. ಇವತ್ತು ಬೆಳಿಗ್ಗೆ ಅವಳಿಗಾಗಿ ಕಾದಿದ್ದವಳು ಬಸ್ಸಿನಲ್ಲಿ ಏಳು ಗಂಟೆ ದೂರದ ಊರಿನ ಒಬ್ಬ ದರ್ಜಿ ಹೆಂಗಸು, ತುಂಬಿದ ಬಸುರಿ, ಹುಟ್ಟಿನಿಂದ ಕಿವುಡಿ. ಹೊಟ್ಟೆ ಕೊಯ್ದು ಮಗುವನ್ನು ತೆಗೆಯಬೇಕು. ಸೊಂಟದ ಕೆಳಗೆ ಮಾತ್ರ ಮರಗಟ್ಟಿಸುತ್ತಾರೆ, ಕಣ್ಣು ತೆರೆದೇ ಮಲಗಿರಬೇಕು. ಸುತ್ತ ನಿಂತವರ ಬಾಯಿಗೆಲ್ಲ ಬಟ್ಟೆ, ತುಟಿ ಓದುವ ಹಾಗೂ ಇಲ್ಲ. ತಲೆಯ ಹತ್ತಿರ ನಿಲ್ಲಿಸುವ ಒಂದು ಟ್ಯಾಬ್ಲೆಟ್‌ನಲ್ಲಿ ಕಾಣುವ ದುಭಾಷಿಣಿಯ ಮುಖ ಮತ್ತು ಕೈ, ಅವಳಿಗೆ ಆ ಕೋಣೆಯಲ್ಲಿ ಇರುವ ಆಸರೆ ಅಷ್ಟೇ.

"…ಗಂಡನಾ? ಗಂಡನಿಗೂ ಕೇಳಿಸಲ್ಲ ಸಾರ್, ಹೊರಗೆ ಬೆಂಚಿನ ಮೇಲೆ ಕೂರಿಸಿದ್ದಾರೆ… ಹೌದು. ಹೂಂ, ಹಾಗೇ. ನಾನು ಹೋದ್ರೆ ಅವಳಿಗೆ ಯಾರೂ ಇಲ್ಲ… ಕೇಬಲ್ಲಾ? ಈ ಲ್ಯಾಪ್‌ಟಾಪಿಗೆ ಕೇಬಲ್ ಚುಚ್ಚೋ ತೂತೇ ಇಲ್ಲ, ತೆಳ್ಳಗಿರ್ಲಿ ಅಂತ ಕೊಂಡಿದ್ದು, ನನ್ನ ಕರ್ಮ… ಮೊಬೈಲ್ ಈ ರೂಮಿಗೆ ಬಂದ್ರೆ ಹೆಣ. ಕಿಟಕಿ ಆಚೆ ಕೈ ಚಾಚಿದ್ರೆ ಒಂದು ಮೆಸೇಜ್ ಬರುತ್ತೆ… ಸರಿ. ಸರಿ, ನೀವು ಹೇಳಿದ ಹಾಗೆ ಮಾಡ್ತೀನಿ. ಹೇಳಿ…"

ಸೀನಿದ ಮನುಷ್ಯ ಎದುರಿಗೆ ಕಾಗದ ಇಟ್ಟುಕೊಂಡು ಓದುವವನಂತೆ ಒಂದೊಂದೇ ಹೆಜ್ಜೆ ಹೇಳತೊಡಗಿದ. ನೆಗಡಿ ಜೋರಾಗಿತ್ತು. ಪ್ರತಿ ಹೆಜ್ಜೆಗೂ ಒಮ್ಮೆ ಮೂಗೆಳೆಯುತ್ತಿದ್ದ. ದುಭಾಷಿಣಿಗೆ ಬೇರೆ ದಿನವಾಗಿದ್ದರೆ ನಗು ಬರುತ್ತಿತ್ತು. ಇವತ್ತು ಬೆರಳುಗಳು ತಣ್ಣಗಾಗಿದ್ದವು. ಆ ಬೆರಳುಗಳೇ ಅವಳ ನಾಲಿಗೆ, ಅವು ನಡುಗಿದರೆ ಮಾತು ತೊದಲಿದ ಹಾಗೆ.

"ಆರಿಸಿ ಹಾಕಿದ್ದು ಆಯ್ತು ಸಾರ್, ಬೆಳಿಗ್ಗೆಯಿಂದ ನಾಲ್ಕು ಸಲ… ಹಾಂ, ಹಳೇ ಸಂಪರ್ಕ ಅಳಿಸಿ ಹೊಸದಾಗಿ ಪಾಸ್‌ವರ್ಡ್ ಹಾಕಿದ್ದೂ ಆಯ್ತು… ಬ್ಯಾಟರಿ ಉಳಿಸೋದಾ? ಎಲ್ಲಿ?… ಇರಿ, ಇರಿ… ಸಿಕ್ತು. ಅದನ್ನ ತೆಗೆದೆ… ಪಟ್ಟಿಯಲ್ಲಿ ನಮ್ಮನೇ ಹೆಸರು ಎಷ್ಟು ಕಾಣುತ್ತೆ ಅಂದ್ರೆ? ಒಂದೇ… ಇಲ್ಲ, ಹೆಸರಿನ ಕೊನೆಗೆ ಐದು ಅಂತ ಇರೋದು ಇಲ್ಲವೇ ಇಲ್ಲ… ರೂಟರು ಹಳೇದು ಸಾರ್, ಏಳೆಂಟು ವರ್ಷದ್ದು. ಅದಕ್ಕೆ ಇರೋದು ಒಂದೇ ಅಲೆಯ ಹಾದಿನಾ?… ಹೂಂ…"

ಬಾಗಿಲಲ್ಲಿ ಮಾವ ನಿಂತಿದ್ದರು. ಮೂವತ್ತು ವರ್ಷ ಗಡಿಯಾರ ರಿಪೇರಿ ಮಾಡಿದ ಮನುಷ್ಯ. ಮನೆಯಲ್ಲಿ ಯಾವುದು ಕೆಟ್ಟರೂ ಮೊದಲು ಅದನ್ನು ಕಿವಿಗೆ ಹಿಡಿದು ಆಲಿಸುವ ಅಭ್ಯಾಸ. ರೂಟರನ್ನೂ ಬಿಟ್ಟಿರಲಿಲ್ಲ. ಅದು ಇರುವುದು ಈ ಕೋಣೆಯ ಮೂಲೆಯ ಕಪಾಟಿನ ಮೇಲೆ. ಅದರ ವಯರುಗಳನ್ನೆಲ್ಲ ಅವರೇ ಮೇಣದ ದಾರದಲ್ಲಿ ಸುತ್ತಿ, ಎಳೆಗಳು ಸಮ ಬರುವಂತೆ ಕಟ್ಟಿದ್ದರು. ಸೊಸೆಯ ಕೆಲಸದ ಮೇಲೆ ಅವರಿಗೆ ಸ್ವಂತ ಅಂಗಡಿಯ ಮೇಲಿದ್ದಷ್ಟೇ ಅಭಿಮಾನ, ಯಾರು ಬಂದರೂ ಹೇಳಿ ಹೇಳಿ ತಲೆ ತಿನ್ನುತ್ತಿದ್ದರು.

"ಮಾವ, ದೀಪ ಯಾವ ಬಣ್ಣ?… ಹಸಿರಂತೆ ಸಾರ್. ಎಲ್ಲಾ ಹಸಿರು… ಮಿಣುಕ್ತಿದೆಯಂತೆ. ಮಿಣುಕಬೇಕಾ?… ಹೌದಾ, ಹಾಗಾದ್ರೆ ಅದರದ್ದೇನೂ ತಪ್ಪಿಲ್ಲ, ಅಲ್ವಾ? ಮತ್ತೆ ಯಾರದ್ದು ತಪ್ಪು?… ಸಾರ್? ಇದ್ದೀರಾ?… ಸಾರ್?… ಹಾಂ, ಸೀನ್ತಿದ್ರಾ. ನನಗೆ ಎದೆ ಹೊಡ್ಕೊಂಡ್ಬಿಡ್ತು. ನೀವೂ ಹೋದ್ರೇನೋ ಅಂತ…"

ಹೋಗುವುದೆಂದರೆ ಏನೆಂದು ಅವಳಿಗೆ ನಿನ್ನೆ ಗೊತ್ತಾಗಿತ್ತು.

"ನಿನ್ನೆ ಏನಾಯ್ತು ಅಂದ್ರೆ… ಹೇಳ್ತೀನಿ ಕೇಳಿ, ಆಗ ನಿಮಗೆ ನನ್ನ ಅವಸರ ಅರ್ಥವಾಗುತ್ತೆ. ನಿನ್ನೆ ಸಂಜೆ ತಪಾಸಣೆ ಇತ್ತು. ಡಾಕ್ಟರು ಏನಂದ್ರು ಅಂದ್ರೆ, ಮಗುವಿನ ಎದೆಬಡಿತ ಸ್ವಲ್ಪ ನಿಧಾನವಾಗಿದೆ, ಆದ್ರೆ ಹೆದರೋದು ಬೇಡ, ಮಗು ಚೆನ್ನಾಗಿದೆ, ನಾಳೆನೇ ತೆಗೆದುಬಿಡೋಣ. ನಾನು ಹೇಳೋಕೆ ಶುರು ಮಾಡ್ದೆ. ಮಗು, ಎದೆ, ನಿಧಾನ, ಅಷ್ಟು ಹೇಳಿದ್ದೀನಿ… ಚಿತ್ರ ನಿಂತುಹೋಯ್ತು… ಅಲ್ಲೇ. ಹುಬ್ಬು ಗಂಟು ಹಾಕ್ಕೊಂಡು, ಎದೆ ಮೇಲೆ ಕೈ ಇಟ್ಕೊಂಡು. ನಮ್ಮ ಭಾಷೆಯಲ್ಲಿ ಮುಖನೂ ಮಾತೇ ಸಾರ್. ನಾಲ್ಕು ನಿಮಿಷ ಅವಳು ಅದೇ ಮುಖ ನೋಡಿದ್ದಾಳೆ… ನಾಲ್ಕು… ಏನಂದ್ಕೊಂಡಿರ್ತಾಳೆ ನೀವೇ ಹೇಳಿ…"

ಆ ತುದಿಯಲ್ಲಿ ಮೂಗೆಳೆಯುವುದು ನಿಂತಿತು.

"…ಹೂಂ. ಕಿರುಚಿದ್ಲಂತೆ. ನರ್ಸು ಹೇಳಿದ್ರು. ಮಂಚದಿಂದ ಇಳಿಯೋಕೆ ಹೋದ್ಲಂತೆ. ಮತ್ತೆ ಸಂಪರ್ಕ ಬಂದಾಗ ನಾನು ಎಲ್ಲಾ ಬಿಡಿಸಿ ಹೇಳಿದೆ, ನಿನ್ನ ಮಗು ಚೆನ್ನಾಗಿದೆ ಕಣೇ ಅಂತ. ನಂಬಲಿಲ್ಲ. ನೀನು ಸಮಾಧಾನಕ್ಕೆ ಹೇಳ್ತಿದ್ದೀಯ, ನಿಜ ಹೇಳೋಕೆ ಆಗ್ದೆ ನಿಂತುಬಿಟ್ಟೆ ಅಂದ್ಲು… ಓದೋಕೆ ಅಷ್ಟಾಗಿ ಬರಲ್ಲ, ಬರೆದು ತೋರಿಸಿದ್ರೂ ಅಷ್ಟೇ… ಇವತ್ತು ನೀನು ಕಾಣದಿದ್ರೆ ಹೊಟ್ಟೆ ಮುಟ್ಟೋಕೆ ಬಿಡಲ್ಲ ಅಂತ ಹಟ ಹಿಡಿದಿದ್ದಾಳೆ. ಡಾಕ್ಟರು ಹತ್ತೂವರೆ ಮೀರೋ ಹಾಗಿಲ್ಲ ಅಂತಿದ್ದಾರೆ, ಬಡಿತ ಇಳೀತಿದೆಯಂತೆ… ಇನ್ನೊಂದು ವಿಷಯ ಸಾರ್. ಆಪರೇಷನ್ ಶುರುವಾದ ಮೇಲೆ ಅವಳ ಕೈ ಎರಡೂ ಪಕ್ಕದ ಹಲಗೆಗೆ ಕಟ್ತಾರೆ… ಹೌದು, ಎಲ್ಲರಿಗೂ ಹಾಗೇ ಕಟ್ಟೋದು. ಆದ್ರೆ ಅವಳಿಗೆ ಕೈ ಕಟ್ಟಿದ್ರೆ ಬಾಯಿ ಕಟ್ಟಿದ ಹಾಗೆ. ಏನೂ ಕೇಳೋಕಾಗಲ್ಲ. ನನ್ನನ್ನ ನೋಡ್ತಾ ಮಲಗಿರ್ಬೇಕು. ಆವಾಗ ನಾನು ನಿಂತುಹೋದ್ರೆ…"

ಮಾವ ಒಂದು ಲೋಟ ನೀರು ತಂದು ಮೇಜಿನ ಮೇಲೆ ಇಟ್ಟರು. ಅವಳು ಅದನ್ನು ನೋಡಿದಳು, ಕುಡಿಯಲಿಲ್ಲ. ಗೋಡೆಯ ಗಡಿಯಾರ ಹತ್ತು ಗಂಟೆ ಏಳು ನಿಮಿಷ ತೋರಿಸುತ್ತಿತ್ತು, ಮಾವನ ಮನೆಯ ಗಡಿಯಾರ ಸುಳ್ಳು ಹೇಳುವ ಹಾಗಿರಲಿಲ್ಲ.

"…ಎಂಟು ದಿನದಿಂದ. ಅದಕ್ಕೆ ಮೊದಲು ಇಂಥ ಕಾಟ ಇರ್ಲಿಲ್ಲ… ಓವನ್ನಾ? ಅಡುಗೆಮನೆ ಆ ಕಡೆ ಇದೆ, ಮತ್ತೆ ಇವತ್ತು ಯಾರೂ ಹಚ್ಚೇ ಇಲ್ಲ… ಪಕ್ಕದ ಮನೆಯವರು ಊರಲ್ಲಿಲ್ಲ… ಹೊಸ ಸಾಮಾನು? ಏನೂ ಬಂದಿಲ್ಲ. ಮಾವ, ಈಚೆಗೆ ಮನೆಗೆ ಹೊಸದು ಏನಾದ್ರೂ ತಂದ್ವಾ?… ಒಂದು ಚಪ್ಪಲಿ ಸ್ಟ್ಯಾಂಡಂತೆ. ಅದಕ್ಕೂ ವೈಫೈಗೂ ಏನು ಸಂಬಂಧ, ಅಲ್ವಾ?…"

ಅಷ್ಟರಲ್ಲಿ ಲ್ಯಾಪ್‌ಟಾಪಿನ ಮೂಲೆಯ ಗುರುತಿನಲ್ಲಿ ಮೂರು ಗೆರೆ ಮೂಡಿದವು, ಅವಳಿಗೆ ಹೋದ ಜೀವ ಬಂತು. ಉಸಿರು ಬಿಡುವಷ್ಟರಲ್ಲಿ ಮೂರೂ ಆರಿ ಹಳದಿ ಬಣ್ಣದ ಒಂದು ಚಿಹ್ನೆ ಕೂತಿತು.

"ಬಂತು… ಇಲ್ಲ, ಹೋಯ್ತು. ನೋಡಿ, ನೋಡಿ, ಹೀಗೇ ಆಟ ಆಡಿಸೋದು!… ಯಾವ ಹೊತ್ತಿಗೆ ಹೋಗುತ್ತೆ ಅಂದ್ರೆ? ಬೇಕಾದ ಹೊತ್ತಿಗೇ ಹೋಗುತ್ತೆ. ಡಾಕ್ಟರು ಬಾಯಿ ತೆರೆದ್ರೆ ಸಾಕು, ಹೋಯ್ತು!… ಇಲ್ಲ, ತಮಾಷೆ ಮಾಡ್ತಿಲ್ಲ. ನಿಜವಾಗ್ಲೂ ಹಾಗೇ. ಈಗ ಬೆಳಿಗ್ಗೆ ಏಳು ಗಂಟೆಗೆ ಅವಳ ಜೊತೆ ಅರ್ಧ ಗಂಟೆ ಮಾತಾಡ್ದೆ, ಕನ್ನಡಿಯಲ್ಲಿ ನೋಡಿದ ಹಾಗಿತ್ತು, ಒಂದು ಸಲನೂ ನಿಲ್ಲಲಿಲ್ಲ… ಹಾಂ, ನಾವಿಬ್ಬರೇ. ಕೈಯಲ್ಲೇ. ಮೊನ್ನೆ ಕಿವುಡರ ಸಂಘದವರ ಸಭೆ ಎರಡು ಗಂಟೆ ನಡೀತು, ಅದೂ ಚೆನ್ನಾಗಿತ್ತು. ಕೇಳಿಸದವರ ಜೊತೆ ಇದ್ರೆ ಏನೂ ತೊಂದ್ರೆ ಇಲ್ಲ ಸಾರ್. ಕೇಳಿಸೋ ಜನ ಒಬ್ಬರು ನಡುವೆ ಬಂದ ಕೂಡ್ಲೇ ಕೆಡುತ್ತೆ. ನನ್ನ ಹಣೆಬರಹ ಅಂತ ಅಂದ್ಕೊಂಡಿದ್ದೆ…"

ನೆಗಡಿಯವನು ಹಣೆಬರಹವನ್ನು ಒಪ್ಪಲಿಲ್ಲ. ಈಗ ಅವನು ಕಾಗದ ಓದುತ್ತಿರಲಿಲ್ಲ. ಒಂದು ಪ್ರಶ್ನೆ ಕೇಳಿದ, ಉತ್ತರಕ್ಕೆ ಕಾದ, ಇನ್ನೊಂದು ಕೇಳಿದ.

"…ಡಾಕ್ಟರ ಮಾತು ಹೇಗೆ ಕೇಳಿಸ್ಕೊಳ್ತೀನಿ ಅಂದ್ರೆ? ಫೋನಿನಲ್ಲಿ. ಚಿತ್ರ ಮಾತ್ರ ಲ್ಯಾಪ್‌ಟಾಪಿನಲ್ಲಿ, ಧ್ವನಿ ಫೋನಿನಲ್ಲಿ, ಆಸ್ಪತ್ರೆಯವರ ಪದ್ಧತಿನೇ ಹಾಗೆ. ಥಿಯೇಟರಿನಲ್ಲಿ ಯಂತ್ರಗಳ ಗದ್ದಲ, ಟ್ಯಾಬ್ಲೆಟ್‌ನಲ್ಲಿ ಸರಿಯಾಗಿ ಕೇಳಿಸಲ್ಲ ಅಂತ ಅವರೇ ನಮ್ಮ ಮನೆ ಫೋನಿಗೆ ಮಾಡ್ತಾರೆ… ಈಗ ಮಾತಾಡ್ತಿರೋದೂ ಅದೇ ಫೋನು… ಹಿಡ್ಕೊಂಡಿಲ್ಲ ಸಾರ್, ಫೋನ್ ಹಿಡ್ಕೊಂಡ್ರೆ ನನ್ನ ಕಸುಬು ನಡೆಯೋದು ಹೇಗೆ? ಎರಡೂ ಕೈ ಖಾಲಿ ಬೇಕಲ್ವಾ? ಕಿವಿಗೆ ಸಿಕ್ಕಿಸ್ಕೊಂಡಿದ್ದೀನಿ, ಫೋನು ಸೊಂಟದಲ್ಲಿದೆ… ತಂತಿ ಇಲ್ಲದ್ದು. ಕಾರ್ಡ್‌ಲೆಸ್… ಅದನ್ನ ಕೂರಿಸೋ ಪೀಠ ಕಪಾಟಿನ ಮೇಲೆ… ರೂಟರಿನ ಪಕ್ಕದಲ್ಲೇ… ಎಷ್ಟು ದಿನ ಆಯ್ತು?…"

ಅವಳು ಬಾಯಿ ತೆರೆದು ಮಾವನ ಕಡೆ ನೋಡಿದಳು. ಮೊದಲು ಇದ್ದದ್ದು ತಂತಿಯ ಹಳೇ ಫೋನು. ಅದನ್ನು ಭುಜಕ್ಕೂ ಕೆನ್ನೆಗೂ ನಡುವೆ ಇರುಕಿಕೊಂಡು ಕೈಯಾಡಿಸಿ ಆಡಿಸಿ ಅವಳ ಕುತ್ತಿಗೆ ಹಿಡಿದುಕೊಂಡಿತ್ತು. ಸೊಸೆ ರಾತ್ರಿ ಹೊತ್ತು ಎಣ್ಣೆ ಹಚ್ಚಿಕೊಳ್ಳುವುದನ್ನು ನೋಡಲಾರದೆ ಮಾವನೇ ಪೇಟೆಯಲ್ಲಿ ನಾಲ್ಕು ಅಂಗಡಿ ಸುತ್ತಿ ಇದನ್ನು ತಂದು, ತಾವೇ ಹಾಕಿಕೊಟ್ಟಿದ್ದರು. ಕೆಲಸದ ಸಾಮಾನು ಒಂದೆಡೆ ಇರಲಿ ಎಂದು ರೂಟರಿಗೆ ತಾಗಿಸಿಯೇ ಇಟ್ಟಿದ್ದರು.

"…ಎಂಟು ದಿನ ಸಾರ್. ಎಂಟೇ ದಿನ… ಅಯ್ಯೋ, ಅದನ್ನ ಹೊಸ ಸಾಮಾನು ಅಂತ ಲೆಕ್ಕಕ್ಕೇ ತಗೊಳ್ಳಲಿಲ್ಲ. ಅದು ಕಿವಿಗೆ, ಇದು ಕಣ್ಣಿಗೆ, ಎರಡಕ್ಕೂ ಸಂಬಂಧ ಇದೆ ಅಂತ ಯಾರಿಗೆ ಹೊಳೆಯುತ್ತೆ?… ಎರಡೂ ಒಂದೇ ಅಲೆಯ ಮೇಲೆ ಓಡೋದಾ? ಇದು ಮಾತಾಡಿದ್ರೆ ಅದರ ಬಾಯಿ ಮುಚ್ಚುತ್ತಾ?… ಸೊಂಟದಲ್ಲಿ ಇಟ್ಕೊಂಡು ಲ್ಯಾಪ್‌ಟಾಪಿನ ಮುಂದೆ ಕೂತ್ರೆ ಇನ್ನೂ ಮೋಸನಾ?… ಹಾಗಾದ್ರೆ ನಿನ್ನೆ… ನಿನ್ನೆ ಡಾಕ್ಟರು ಫೋನಿನಲ್ಲಿ ಮಾತಾಡಿದ್ದಕ್ಕೇ…"

ಮಾವನಿಗೆ ಒಂದೇ ಕಡೆಯ ಮಾತು ಕೇಳಿಸುತ್ತಿದ್ದರೂ ಪೂರ್ತಿ ತಿಳಿಯಿತು. ಮುಖ ಬಿಳಿಚಿಕೊಂಡಿತು. ಬಾಗಿಲ ಚೌಕಟ್ಟು ಹಿಡಿದುಕೊಂಡರು. ನಾನೇ ತಂದಿಟ್ಟೆನಲ್ಲ ಎಂದು ತುಟಿಯಲ್ಲೇ ಅಂದರು. ಅವಳು ಕೈ ಅಡ್ಡ ಆಡಿಸಿ ಹಾಗಲ್ಲ ಎಂದಳು, ಅದಕ್ಕಿಂತ ಹೆಚ್ಚು ಸಮಾಧಾನ ಮಾಡಲು ಹೊತ್ತಿರಲಿಲ್ಲ. ಹತ್ತು ಗಂಟೆ ಹದಿನೆಂಟು ನಿಮಿಷ.

"ಈಗ ಏನ್ ಮಾಡ್ಲಿ? ದೂರ ಇಡ್ಲಾ?… ಸಾಲಲ್ವಾ… ಹಳೇ ಫೋನಾ? ಅದನ್ನ ಮೊನ್ನೆ ಯಾರಿಗೋ ಕೊಟ್ಟುಬಿಟ್ವಿ… ಹಾಂ, ಡಾಕ್ಟರು ಟ್ಯಾಬ್ಲೆಟ್‌ಗೇ ಬಾಯಿ ಹತ್ರ ಮಾಡಿ ಜೋರಾಗಿ ಮಾತಾಡಿದ್ರೆ ನನಗೆ ಲ್ಯಾಪ್‌ಟಾಪಿನಲ್ಲೇ ಕೇಳುತ್ತೆ, ಹೌದು. ಅದು ಆಗುತ್ತೆ. ಆದ್ರೆ ಅವರಿಗೆ ಹೇಳೋದು ಹೇಗೆ? ಫೋನ್ ಮಾಡಿ ಹೇಳಿದ್ರೆ… ಅಲ್ವಾ, ಅದೇ ಫೋನು. ಚಿತ್ರ ಬಂದ ಮೇಲೆ ಅಲ್ಲೇ ಹೇಳ್ಬೇಕು. ಬಂದ ಮೇಲೆ… ಬಂದ್ರೆ…"

ಆಮೇಲೆ ಅವನು ಹೇಳಿದ್ದನ್ನು ಕೇಳಿ ಅವಳು ಕುರ್ಚಿಯಲ್ಲಿ ನೆಟ್ಟಗಾದಳು.

"ನಿಮ್ಮ ಫೋನ್ ಇಡ್ಬೇಕಾ?… ಈಗಲೇ?… ಇಟ್ಟು, ಪೀಠದ ಪ್ಲಗ್ಗೂ ಕಿತ್ತುಹಾಕ್ಬೇಕಾ?… ಸಾರ್, ತಡೀರಿ, ತಡೀರಿ. ಕಿತ್ತ ಮೇಲೂ ಸರಿಹೋಗದಿದ್ರೆ? ನೀವು ಸಿಗೋಕೆ ಮೂವತ್ತೈದು ನಿಮಿಷ ಕಾದಿದ್ದೀನಿ. ಮತ್ತೆ ಆ ಪಿಟೀಲು, ಮತ್ತೆ ಆ ಹೆಂಗಸು, ಅಷ್ಟರಲ್ಲಿ ಅವಳನ್ನ ಒಳಗೆ ಕರ್ಕೊಂಡು ಹೋಗಿರ್ತಾರೆ… ನೀವೇ ಫೋನ್ ಮಾಡ್ತೀರಾ? ಯಾವುದಕ್ಕೆ ಮಾಡ್ತೀರಿ? ಇದಕ್ಕೇ ತಾನೇ? ಇದು ಪ್ಲಗ್ ಕಿತ್ತು ಬಿದ್ದಿರುತ್ತೆ, ಮೊಬೈಲು ಇಲ್ಲಿ ಹೆಣ. ಹಾಕಿದ್ರೆ ಅವಳು ಹೋಗ್ತಾಳೆ… ಗೊತ್ತು. ಗೊತ್ತು ಸಾರ್, ನಿಮಗೆ ಖಾತ್ರಿ ಇದೆ. ನೂರಕ್ಕೆ ತೊಂಬತ್ತು ಅಂದ್ರಿ. ಆ ಹತ್ತು ಇದೆಯಲ್ಲ, ಅದಕ್ಕೇ ನನಗೆ ಕೈಕಾಲು ಆಡ್ತಿಲ್ಲ…"

ಅವಳಿಗೇ ನಾಚಿಕೆಯಾಯಿತು. ಎಲ್ಲಿಯೋ ಒಂದು ಉದ್ದದ ಹಾಲಿನಲ್ಲಿ, ನೂರು ಜನರ ನಡುವೆ ಕೂತು ಮೂಗು ಒರೆಸಿಕೊಳ್ಳುತ್ತಿರುವ, ಮುಖವನ್ನೇ ನೋಡದ ಒಬ್ಬನನ್ನು ಅವಳು ಮುಳುಗುವವಳ ಹಾಗೆ ಹಿಡಿದುಕೊಂಡಿದ್ದಳು. ಅವನ ಧ್ವನಿ ಇರುವಷ್ಟು ಹೊತ್ತು ತಾನು ಒಬ್ಬಳಲ್ಲ ಎನ್ನಿಸುತ್ತಿತ್ತು. ಆ ಧ್ವನಿಯೇ ಅಲ್ಲಿಯವಳನ್ನು ಒಬ್ಬಳಾಗಿ ಮಾಡುತ್ತಿದೆ ಎನ್ನುವುದು ತಲೆಗೆ ಹೋಗಿತ್ತು, ಕೈಗೆ ಇನ್ನೂ ಬಂದಿರಲಿಲ್ಲ.

"…ಒಂದು ಸಲ ಹೇಳಿಬಿಡಿ. ಮೊದಲು ಫೋನು, ಆಮೇಲೆ ಪ್ಲಗ್ಗು, ಆಮೇಲೆ ರೂಟರು ಮುಟ್ಟಬಾರದು. ಲ್ಯಾಪ್‌ಟಾಪಿಗೂ ಏನೂ ಮಾಡಬಾರದು. ಸುಮ್ಮನೆ ಹತ್ತು ಎಣಿಸ್ಬೇಕು… ಹತ್ತು. ಸರಿ… ಮಾವ, ಆ ಬಿಳೀ ಪ್ಲಗ್ಗು ಹಿಡ್ಕೊಳ್ಳಿ. ಅಲ್ಲ, ಅದು ರೂಟರದ್ದು! ಅದರ ಕೆಳಗಿನದು… ಹಾಂ, ಅದೇ. ನಾನು ಹೇಳಿದಾಗ ಕೀಳಿ…"

ಮಾವ ಕಪಾಟಿನ ಪಕ್ಕ ಮಂಡಿಯೂರಿದರು. ತಾವೇ ಮೇಣದ ದಾರದಲ್ಲಿ ಕಟ್ಟಿದ್ದ ಗಂಟನ್ನು ಉಗುರಿನಲ್ಲಿ ಬಿಡಿಸಿ ಪ್ಲಗ್ಗಿಗೆ ಎರಡು ಬೆರಳು ಹಾಕಿದರು.

ಗಡಿಯಾರದಲ್ಲಿ ಹತ್ತು ಇಪ್ಪತ್ತೈದು. ಆಗಲೇ ಲ್ಯಾಪ್‌ಟಾಪು ಎರಡು ಸಲ ಟಿಂಗ್ ಎಂದಿತು, ಮೂರು ಗೆರೆ ಮೂಡಿದವು, ತೆರೆ ತುಂಬ ಒಂದು ಬಿಳಿಯ ಬೆಳಕು ಬಂತು.

"ಬಂದ್ಲು! ಸಾರ್, ಬಂದ್ಲು… ಥಿಯೇಟರಿನ ಒಳಗೇ ಇದ್ದಾಳೆ, ಹಸಿರು ಟೋಪಿ ಹಾಕಿದ್ದಾರೆ… ಅಯ್ಯೋ, ನಿಂತುಹೋಯ್ತು… ಹಾಂ, ಚಿತ್ರ ನಿಂತುಹೋಯ್ತು. ಕೈ ಎದೆ ಹತ್ರ ಎತ್ತಿದ್ದಾಳೆ, ಅಲ್ಲೇ ನಿಂತಿದೆ. ಏನೋ ಕೇಳೋಕೆ ಹೊರಟಿದ್ದಾಳೆ… ಅವಳ ಹತ್ರನೂ ನಾನು ನಿಂತುಹೋಗಿರ್ತೀನಿ, ಅಲ್ವಾ? ಇದೇ ಮುಖದಲ್ಲಿ, ಹೀಗೇ ಹೆದರಿಕೊಂಡು… ಹೌದು, ಅದೇ ಕಾಣ್ತಿರುತ್ತೆ ಅವಳಿಗೆ… ಇಡ್ತೀನಿ ಸಾರ್. ಇಡ್ತಿದ್ದೀನಿ. ನಿಮ್ಮ ಹೆಸರೂ ಕೇಳಲಿಲ್ಲ ನಾನು… ಮಾವ, ಕೀಳಿ! ಕೀಳಿ ಮಾವ!… ಸಾರ್, ನಿಮಗೆ ತುಂಬಾ—"

ಕಿವಿಯೊಳಗೆ ಒಂದು ಸಣ್ಣ ಟಕ್. ಆಮೇಲೆ ಏನೂ ಇಲ್ಲ, ಸೀನೂ ಇಲ್ಲ.

ಅವಳು ಎಣಿಸತೊಡಗಿದಳು. ಎಣಿಸುತ್ತಲೇ ಮುಖದ ಗಂಟುಗಳನ್ನು ಒಂದೊಂದಾಗಿ ಬಿಚ್ಚಿದಳು, ಹುಬ್ಬು ಇಳಿಸಿದಳು, ಚಿತ್ರ ಯಾವಾಗ ಹೊರಟರೂ ಇನ್ನೊಮ್ಮೆ ಆ ಮುಖ ಕಾಣಬಾರದು. ನಾಲ್ಕು. ಐದು. ತೆರೆಯ ಮೇಲಿನ ಕೈ ಕದಲಲಿಲ್ಲ. ಆರು. ಮಾವ ಕಿತ್ತ ಪ್ಲಗ್ಗನ್ನು ಎದೆಗೆ ಒತ್ತಿಕೊಂಡು ನೆಲದ ಮೇಲೆ ಕೂತಿದ್ದರು. ಏಳು.

ಎಂಟಕ್ಕೆ ಆ ಕೈ ಅಲುಗಿತು. ಎದೆಯಿಂದ ಇಳಿದು ಹೊಟ್ಟೆಯ ಮೇಲೆ ಬಂತು, ಕಣ್ಣುಗಳು ದುಭಾಷಿಣಿಯನ್ನು ನುಂಗುವಂತೆ ನೋಡಿದವು. ನಿನ್ನೆ ಹೇಳ್ತಾ ಹೇಳ್ತಾ ನಿಂತೆ, ಎಂದಳು ದರ್ಜಿ ಹೆಂಗಸು. ಈಗ ನಿಜ ಹೇಳು. ಇದು ಬದುಕಿದೆಯಾ?

ದುಭಾಷಿಣಿ ಅದನ್ನು ಜೋರಾಗಿ ಬಾಯಲ್ಲಿ ಕೇಳಿದಳು, ಫೋನ್ ಮಾಡಬೇಡಿ, ಟ್ಯಾಬ್ಲೆಟ್‌ಗೇ ಹೇಳಿ ಎಂದೂ ಸೇರಿಸಿದಳು. ಲ್ಯಾಪ್‌ಟಾಪಿನ ಪುಟ್ಟ ಸ್ಪೀಕರಿನಲ್ಲಿ, ಯಂತ್ರಗಳ ಗುಂಯ್ ಸದ್ದಿನ ನಡುವೆ, ಮುಖವಸ್ತ್ರದ ಹಿಂದಿನಿಂದ ಡಾಕ್ಟರ ಧ್ವನಿ ಬಂತು. ಮಗುವಿನ ಬಡಿತ ಈಗಲೂ ಕೇಳ್ತಿದೆ, ನಿಧಾನ ಇದೆ, ಆದ್ರೆ ಮಗು ಇದೆ, ಇನ್ನು ಹತ್ತು ನಿಮಿಷದಲ್ಲಿ ಹೊರಗೆ ತೆಗೀತೀವಿ, ಹೇಳಿ ಅವರಿಗೆ.

ಅವಳು ಎರಡೂ ಕೈ ಎತ್ತಿದಳು. ಮಗು, ಎದೆ, ನಿಧಾನ. ಅಲ್ಲಿಗೆ ಬಂದಾಗ ಅವಳ ಉಸಿರು ನಿಂತಿತು, ಕೈ ನಿಲ್ಲಲಿಲ್ಲ. ಆದ್ರೆ ಇದೆ. ಬದುಕಿದೆ. ಹತ್ತು ನಿಮಿಷ. ನಿನ್ನ ಪಕ್ಕಕ್ಕೆ ಬರುತ್ತೆ.

ದರ್ಜಿ ಹೆಂಗಸು ಕೊನೆಯವರೆಗೂ ರೆಪ್ಪೆ ಹೊಡೆಯದೆ ನೋಡಿದಳು. ನರ್ಸು ಬಂದು ಮುಟ್ಟುವ ಮೊದಲೇ, ಎರಡೂ ಕೈಗಳನ್ನು ತಾನಾಗಿಯೇ ಪಕ್ಕದ ಹಲಗೆಗಳ ಮೇಲೆ ಚಾಚಿ ಕಟ್ಟಲು ಕೊಟ್ಟಳು.